ಬೇಸ್‌ಮೆಂಟಿನ ಜಂತೆಗೆ ಬಿಳಿ ಬಣ್ಣ

ಮಿಷಿಗನ್ನಿನ ಮನೆಗಳಲ್ಲಿ ಬಂದವರಿಗೆ ತೋರಿಸುವ ಚಾವಣಿ ಮೇಲಿನದು. ನುಣ್ಣಗೆ, ಬೆಳ್ಳಗೆ, ಒಂದು ಗೆರೆಯೂ ಇಲ್ಲದ ಹಾಗೆ ಇರುತ್ತದೆ. ಅಡುಗೆಮನೆಯ ಪಕ್ಕದ ಬಾಗಿಲು ತೆಗೆದು ಮೆಟ್ಟಿಲಿಳಿದರೆ ಅದೇ ಮನೆಯ ಇನ್ನೊಂದು ಚಾವಣಿ ಎದುರಾಗುತ್ತದೆ. 16 ಇಂಚಿಗೊಂದರಂತೆ ಸಾಲುಗಟ್ಟಿದ ಮರದ ಜಂತೆಗಳು, ಎರಡು ಜಂತೆಗಳ ನಡುವೆ ಮೇಲಿನ ನೆಲಕ್ಕೆ ಹಾಸಿದ ಪ್ಲೈವುಡ್ಡಿನ ಒಳಮೈ, ಅದನ್ನು ತೂರಿ ಇಣುಕುವ ಮೊಳೆಗಳ ಮೊನೆ. ಜಂತೆಗೆ ತೂತು ಕೊರೆದು ಎಳೆದ ಕರೆಂಟಿನ ಕೇಬಲ್ಲುಗಳು, ಕಿಲುಬು ಹಿಡಿದ ತಾಮ್ರದ ನೀರಿನ ಪೈಪು, ಕರಿ ಕಬ್ಬಿಣದ ಗ್ಯಾಸ್ ಪೈಪು, ಬಚ್ಚಲಿನಿಂದ ಇಳಿದು ಬಂದು ಮೂಲೆಯಲ್ಲಿ ತಿರುಗುವ ದಪ್ಪ ಡ್ರೈನು. ಇವೆಲ್ಲದರ ಕೆಳಗೆ, ಎತ್ತರದ ಆಳು ತಲೆ ತಗ್ಗಿಸಿ ದಾಟಬೇಕಾದ ಹಾಗೆ, ಬಿಸಿಗಾಳಿ ಒಯ್ಯುವ ತಗಡಿನ ಡಕ್ಟು. ಮನೆ ಹೇಗೆ ಬದುಕಿದೆ ಅನ್ನುವುದೆಲ್ಲ ಅಲ್ಲಿ ತೆರೆದು ಕಾಣುತ್ತದೆ. ಆದರೆ ಕಾಣಬೇಕಾದರೆ ಕೈಯಲ್ಲೊಂದು ಟಾರ್ಚು ಬೇಕು, ಅಷ್ಟು ಕತ್ತಲು.

ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿ ನನ್ನ ಅಕ್ಕ-ಭಾವನ ಮನೆಯಿದೆ. ಎಪ್ಪತ್ತರ ದಶಕದಲ್ಲಿ ಕಟ್ಟಿದ್ದು. ಭಾವ ಹಾಸನದ ಕಡೆಯವರು, ಕಾರಿನ ಭಾಗಗಳನ್ನು ವಿನ್ಯಾಸ ಮಾಡುವ ಕೆಲಸ. ಕಂಪ್ಯೂಟರಿನಲ್ಲಿ ಬೆಳಗಿಂದ ಸಂಜೆತನಕ ಕಬ್ಬಿಣ ಬಗ್ಗಿಸುವವರಿಗೆ ರಾತ್ರಿ ಕೈಯಲ್ಲಿ ಮರ ಹಿಡಿಯದಿದ್ದರೆ ನಿದ್ದೆ ಬರುವುದಿಲ್ಲವಂತೆ. ಬೇಸ್‌ಮೆಂಟಿನ ಅರ್ಧ ಭಾಗ ಅವರ ಕಾರ್ಖಾನೆ: ಒಂದು ಟೇಬಲ್ ಗರಗಸ, ಒಂದು ಬ್ಯಾಂಡ್ ಗರಗಸ, ಗೋಡೆಗೊತ್ತಿ ಭಾರದ ಒಂದು ಬೆಂಚು, ಅದರ ಮೇಲೆ ಉಳಿ, ಉಜ್ಜುಗೊರಡು, ಹಿಡಿಕಟ್ಟುಗಳ ಸಂತೆ. ನಾನು ಊರಿನಿಂದ ಹೋಗಿದ್ದ ಹೊತ್ತಿಗೆ ಅವರು ಚಾವಣಿಗೆ ಕೈ ಹಾಕುವವರಿದ್ದರು. ‘ಸರಿಯಾದ ಸಮಯಕ್ಕೆ ಬಂದೆ ಕಣಯ್ಯ’ ಎಂದು ಬೆನ್ನು ತಟ್ಟಿದ್ದರಲ್ಲಿ ಪ್ರೀತಿ ಎಷ್ಟಿತ್ತು, ಆಳು ಸಿಕ್ಕ ಸಂತೋಷ ಎಷ್ಟಿತ್ತು ಎಂದು ಬಿಡಿಸಿ ನೋಡಲು ಹೋಗಲಿಲ್ಲ.

ನಮ್ಮ ಕಡೆಯವರಿಗೆ ಬೇಸ್‌ಮೆಂಟು ಎಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕಾರು ನಿಲ್ಲಿಸುವ ಜಾಗ. ಮಿಷಿಗನ್ನಿನಲ್ಲಿ ಅದು ಚಳಿಯ ಕೊಡುಗೆ. ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ. ಹಿಗ್ಗಿದ ಮಣ್ಣು ತನ್ನ ಮೇಲೇನಿದ್ದರೂ ಎತ್ತಿಬಿಡುತ್ತದೆ, ಮನೆಯನ್ನೂ. ಹಾಗಾಗಿ ಅಡಿಪಾಯದ ತಳ ನೆಲಮಟ್ಟದಿಂದ 42 ಇಂಚಾದರೂ ಕೆಳಗಿರಬೇಕೆಂಬುದು ಮಿಷಿಗನ್ನಿನ ಕಟ್ಟಡ ನಿಯಮ. ಹೇಗೂ ಮೂರೂವರೆ ಅಡಿ ಅಗೆದಾಯಿತು, ಇನ್ನು ನಾಲ್ಕಡಿ ಅಗೆದರೆ ಒಂದು ಅಂತಸ್ತೇ ಹೆಚ್ಚಿಗೆ ಸಿಗುತ್ತದಲ್ಲ ಎಂಬ ಲೆಕ್ಕಾಚಾರದಲ್ಲಿ ಈ ನೆಲಮಾಳಿಗೆಗಳು ಹುಟ್ಟಿದವು. ಫರ್ನೇಸು, ವಾಟರ್ ಹೀಟರು, ಬಟ್ಟೆ ಒಗೆಯುವ ಯಂತ್ರ ಕೆಳಗೆ ಹೋದವು. ಮಿಕ್ಕ ಜಾಗಕ್ಕೆ ಮನೆಯ ಗಂಡಸರು ಹೋದರು.

ಡೆಟ್ರಾಯಿಟ್ ಸುತ್ತಮುತ್ತ ಮನೆಯಲ್ಲೇ ಕಾರ್ಖಾನೆ ಹೂಡುವ ಈ ಹುಚ್ಚಿಗೆ ದೊಡ್ಡ ವಂಶಾವಳಿಯೇ ಇದೆ. 1896ರ ಜೂನಿನಲ್ಲಿ ಹೆನ್ರಿ ಫೋರ್ಡ್ ಬ್ಯಾಗ್ಲಿ ಅವೆನ್ಯೂವಿನ ಬಾಡಿಗೆ ಮನೆಯ ಹಿಂದಿನ ಇಟ್ಟಿಗೆ ಶೆಡ್ಡಿನಲ್ಲಿ ತನ್ನ ಮೊದಲ ಮೋಟಾರು ಗಾಡಿ ಮುಗಿಸಿ ಹೊರಗೆ ತಳ್ಳಲು ನೋಡಿದರೆ ಅದು ಬಾಗಿಲಲ್ಲಿ ಹಿಡಿಸಲಿಲ್ಲ. ಕೊಡಲಿ ತೆಗೆದುಕೊಂಡು ಗೋಡೆಯ ಇಟ್ಟಿಗೆಯನ್ನೇ ಒಡೆದ. ಬೇಸ್‌ಮೆಂಟಿನವರಿಗೆ ಆ ಭಾಗ್ಯವೂ ಇಲ್ಲ, ಗೋಡೆ ಒಡೆದರೆ ಆಚೆಗಿರುವುದು ಮಣ್ಣು. ಭಾವ ಮಾಡುವ ಪ್ರತಿಯೊಂದು ಬೀರು, ಪ್ರತಿಯೊಂದು ಮೇಜು ಮೆಟ್ಟಿಲಿನ ತಿರುವಿನಲ್ಲಿ ತಿರುಗುತ್ತದೆಯೇ ಎಂಬ ಲೆಕ್ಕದಿಂದಲೇ ಶುರುವಾಗುತ್ತದೆ.

ತೆರೆದು ಕಾಣುವ ಜಂತೆ ನಮಗೇನೂ ಹೊಸದಲ್ಲ. ಅಜ್ಜನ ಮನೆಯಲ್ಲಿ ಮಲಗಿದವರೆಲ್ಲ ತೊಲೆ ಎಣಿಸುತ್ತ ನಿದ್ದೆ ಹೋದವರೇ. ಆದರೆ ನಮ್ಮಲ್ಲಿ ಮರವನ್ನು ಕಪ್ಪಗಾಗಲು ಬಿಡುತ್ತಿದ್ದರು. ಸೌದೆ ಒಲೆಯ ಹೊಗೆ ಅಡುಗೆಮನೆಯ ಜಂತೆಗೆ ಹತ್ತಿ ಹತ್ತಿ ಮಿರಮಿರ ಮಿಂಚುವ ಮಸಿಯಾಗುತ್ತಿತ್ತು. ಹೊಗೆ ಕುಡಿದ ಮರಕ್ಕೆ ಹುಳು ಬೀಳುವುದಿಲ್ಲ ಎನ್ನುತ್ತಿದ್ದರು. ಕರಾವಳಿಯಲ್ಲಂತೂ ಗೆದ್ದಲಿಗೆ ಹೆದರಿ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೇ ಬಳಿದು ಕರ್ರಗೆ ಮಾಡುತ್ತಿದ್ದರು. ಬೆಳಕಿಗೆ ಒಂದು ಬೆಳಕಿಂಡಿ, ಇಲ್ಲದಿದ್ದರೆ ತೊಟ್ಟಿಯ ಆಕಾಶ. ಸುಣ್ಣ ಏನಿದ್ದರೂ ಗೋಡೆಗೆ. ಮೇಲಿನಿಂದ ಬೆಳಕೇ ಬಾರದ ನೆಲದಡಿಯ ಕೋಣೆಯಲ್ಲಿ ಅದೇ ಸುಣ್ಣದ ಬುದ್ಧಿಯನ್ನು ಜಂತೆಗೂ ಹಚ್ಚಬೇಕಾಗುತ್ತದೆ.

ಭಾವನ ಬೇಸ್‌ಮೆಂಟಿಗೆ ಇದ್ದದ್ದು ಗೋಡೆಯ ನೆತ್ತಿಯಲ್ಲಿ ಎರಡು ಪುಟ್ಟ ಕಿಟಕಿ. ಹೊರಗೆ ಹುಲ್ಲಿನ ಮಟ್ಟ. ಒಳಗೆ ಹಳೆಯ ಟ್ಯೂಬ್‌ಲೈಟುಗಳು ಗುಂಯ್‌ಗುಡುತ್ತಿದ್ದವು. ಐವತ್ತು ವರ್ಷ ಹಳತಾದ ಪೈನ್ ಜಾತಿಯ ಮರ ಕಂದು ತಿರುಗಿ, ಬಂದ ಬೆಳಕನ್ನೆಲ್ಲ ನುಂಗಿ ಕೂತಿತ್ತು. ಚಾವಣಿಗೆ ಹಚ್ಚುವ ಒಳ್ಳೆಯ ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚನ್ನು ಹಿಂದಕ್ಕೆ ಕೊಡುತ್ತದೆ. ಹಳೆಯ ಮರ ಅದರ ಅರ್ಧವನ್ನೂ ಕೊಡದು. ಕೆಲಸದ ಬೆಂಚಿಗೆ ಇದು ಬರೀ ಚೆಂದದ ಮಾತಲ್ಲ. ದೀಪದಿಂದ ನೇರ ಬರುವ ಬೆಳಕು ಗಾಢ ನೆರಳು ಹಾಕುತ್ತದೆ. ಪೆನ್ಸಿಲಿನ ಗೆರೆಯ ಮೇಲೆಯೇ ನಿಮ್ಮ ಕೈಯ ನೆರಳು. ಬಿಳಿ ಚಾವಣಿಗೆ ಬಡಿದು ಚೆದುರಿ ಬರುವ ಬೆಳಕು ನಾಲ್ಕೂ ಕಡೆಯಿಂದ ಬಂದು ಆ ನೆರಳನ್ನು ಕರಗಿಸುತ್ತದೆ. ತಿರುಗುವ ಗರಗಸದ ಪಕ್ಕ ಬೆರಳಿಟ್ಟು ಕೆಲಸ ಮಾಡುವವರಿಗೆ ನೆರಳು ಕರಗುವುದು ಎಂದರೇನು ಎಂದು ಹೇಳಬೇಕಿಲ್ಲ.

ಅಕ್ಕನಿಗೆ ಬೇಕಿದ್ದದ್ದು ಬೇರೆ. ‘ರೀ, ಆ ತಂತಿ ಪೈಪುಗಳನ್ನೆಲ್ಲ ನೋಡೋಕಾಗಲ್ಲ. ಮೇಲಿನ ಹಾಗೇ ಬೋರ್ಡು ಹೊಡೆಸಿ ಮುಚ್ಚಿಬಿಡಿ’ ಎಂದಳು. ಆ ಬೋರ್ಡಿಗೆ ಡ್ರೈವಾಲ್ ಎನ್ನುತ್ತಾರೆ, ಎರಡು ಕಾಗದಗಳ ನಡುವೆ ಜಿಪ್ಸಮ್ ತುಂಬಿದ ಹಲಗೆ. ಭಾವ ತಲೆಯಾಡಿಸಲಿಲ್ಲ. ‘ಮುಚ್ಚಿದ್ರೆ ಮುಗೀತು ಕಣೇ. ನಿನ್ನ ಸಿಂಕಿನ ಕೆಳಗೆ ಸೋರಿದ ದಿನ ಎಲ್ಲಿ ಸೋರ್ತಿದೆ ಅಂತ ಹುಡುಕೋಕೆ ಅರ್ಧ ಚಾವಣಿ ಕುಯ್ಯಬೇಕು.’ ಇನ್ನೊಂದು ದಾರಿ ತೂಗು ಚಾವಣಿಯದು, ಆಫೀಸುಗಳಲ್ಲಿ ಇರುತ್ತದಲ್ಲ, ಲೋಹದ ಚೌಕಟ್ಟಿನಲ್ಲಿ ಕೂರಿಸಿದ ಹಗುರ ಬಿಲ್ಲೆಗಳು. ಬೇಕೆಂದಾಗ ಬಿಲ್ಲೆ ಎತ್ತಿ ಮೇಲೆ ಕೈ ಹಾಕಬಹುದು, ನಿಜ. ಆದರೆ ಅದು ಜಂತೆಗಿಂತ ಮೂರು ನಾಲ್ಕು ಇಂಚು ಕೆಳಗಿಳಿಯುತ್ತದೆ. ಎಂಟಡಿ ಉದ್ದದ ಹಲಗೆಯನ್ನು ನಿಲ್ಲಿಸಿ ತಿರುಗಿಸುವ ಜಾಗದಲ್ಲಿ ಒಂದೊಂದು ಇಂಚಿಗೂ ಬೆಲೆಯಿದೆ. ಮೊದಲ ತಿಂಗಳಲ್ಲೇ ಬಿಲ್ಲೆಗಳ ಮೂಲೆಯೆಲ್ಲ ಮುರಿದಿರುತ್ತದೆ. ಜಂತೆಗಳ ನಡುವಿನ ಆ ಒಂಬತ್ತು ಇಂಚಿನ ಪೊಳ್ಳೇ ಭಾವನಿಗೆ ಆಸ್ತಿ.

ಹೊಸ ಮನೆಯಾಗಿದ್ದರೆ ಈ ವಾದಕ್ಕೆ ಎಡೆಯಿರುತ್ತಿತ್ತೋ ಇಲ್ಲವೋ. ಈಗಿನ ಮನೆಗಳಲ್ಲಿ ಇಡೀ ಮರದ ಜಂತೆಯ ಬದಲು ಇಂಗ್ಲಿಷಿನ ಐ ಅಕ್ಷರದಾಕಾರದ ಕಾರ್ಖಾನೆ ಜಂತೆ ಹಾಕುತ್ತಾರೆ: ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ನಡುವೆ ಮರದ ಚಕ್ಕೆ ಅಂಟಿಸಿದ ತೆಳು ಹಲಗೆ. ಗಟ್ಟಿಯೇನೋ ಹೌದು, ಆದರೆ ಬೆಂಕಿ ಬಿದ್ದರೆ ನಡುವಿನ ಹಲಗೆ ಬೇಗ ಉರಿದು ನೆಲ ಕುಸಿಯುತ್ತದೆ. ಮೇಲೆ ಕಾಲಿಟ್ಟ ಅಗ್ನಿಶಾಮಕದವರು ಕೆಳಗೆ ಬೀಳುತ್ತಾರೆ. ಅದಕ್ಕಾಗಿ 2012ರ ಮಾದರಿ ವಸತಿ ಕಟ್ಟಡ ಸಂಹಿತೆ ಅಂಥ ಜಂತೆಗಳ ಅಡಿಗೆ ಅರ್ಧ ಇಂಚಿನ ಜಿಪ್ಸಮ್ ಬೋರ್ಡು ಅಥವಾ ಅದಕ್ಕೆ ಸಮನಾದ ರಕ್ಷಣೆ ಬೇಕೆಂದಿತು. ಎರಡು-ಹತ್ತರ ಅಳತೆಯ ಇಡೀ ಮರದ ಜಂತೆಗೆ ಆ ಕಟ್ಟಳೆಯಿಂದ ವಿನಾಯಿತಿ ಇದೆ. ಭಾವನ ಮನೆಯವು ಅಂಥವೇ. ಎರಡು-ಹತ್ತು ಎಂಬುದು ಹೆಸರಿಗೆ ಮಾತ್ರ ಅನ್ನಿ. ಟೇಪು ಹಿಡಿದರೆ ಒಂದೂವರೆ ಇಂಚು ದಪ್ಪ, ಒಂಬತ್ತೂಕಾಲು ಇಂಚು ಎತ್ತರ. ಕೊಯ್ದು, ಒಣಗಿಸಿ, ಹೆರೆದ ಮೇಲೆ ಉಳಿಯುವುದು ಅಷ್ಟು, ಹೆಸರು ಮಾತ್ರ ಹಳೆಯದೇ.

ಈ ಅಳತೆ ಬಣ್ಣದ ಡಬ್ಬಿ ಕೊಳ್ಳುವಾಗ ಕಾಡುತ್ತದೆ. ಕಾರ್ಯಾಗಾರದ ಭಾಗ 20 ಅಡಿ ಉದ್ದ, 12 ಅಡಿ ಅಗಲ, 240 ಚದರಡಿ. ಒಂದು ಗ್ಯಾಲನ್ ಬಣ್ಣ 350ರಿಂದ 400 ಚದರಡಿಗೆ ಬರುತ್ತದೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಹಾಗಾದರೆ ಒಂದು ಗ್ಯಾಲನ್ ತಂದರೆ ಸಾಕಲ್ಲ ಎಂದೆ. ಭಾವ ಬೆಂಚಿನ ಮೇಲಿದ್ದ ಹಲಗೆ ಚೂರಿನ ಮೇಲೆ ಲೆಕ್ಕ ಬರೆದರು. ಒಂದು ಜಂತೆಯಿಂದ ಇನ್ನೊಂದು ಜಂತೆಗೆ 16 ಇಂಚು. ಅದರಲ್ಲಿ ಮೇಲಿನ ಪ್ಲೈವುಡ್ಡು ಹದಿನಾಲ್ಕೂವರೆ, ಜಂತೆಯ ಎರಡು ಪಕ್ಕೆ ಸೇರಿ ಹದಿನೆಂಟೂವರೆ, ಅಡಿಯ ಅಂಚು ಒಂದೂವರೆ. ಒಟ್ಟು ಮೂವತ್ತನಾಲ್ಕೂವರೆ ಇಂಚು. ಕಣ್ಣಿಗೆ ಹದಿನಾರು, ಕುಂಚಕ್ಕೆ ಅದರ ಎರಡರಷ್ಟಕ್ಕೂ ಮೇಲೆ. 240 ಚದರಡಿ ಎಂದುಕೊಂಡದ್ದು 500 ದಾಟಿತು. ಅದರ ಮೇಲೆ ಹಸಿದ ಹಳೆಯ ಮರ ಮೊದಲ ಕೋಟನ್ನು ಗಟಗಟ ಕುಡಿಯುತ್ತದೆ. ಡಕ್ಟು, ಪೈಪುಗಳ ಲೆಕ್ಕ ಬೇರೆ. ಅಂಗಡಿಯಿಂದ ಬಂದದ್ದು ಐದು ಗ್ಯಾಲನ್ನಿನ ಬಕೀಟು, ಪ್ರೈಮರಿಗೆ ಇನ್ನೊಂದು.

ಬಣ್ಣ ಬಳಿಯುವುದು ಒಂದು ದಿನದ ಕೆಲಸ, ಅದಕ್ಕೆ ಮುಂಚಿನದು ಮುಗಿಯದ ಕೆಲಸ. ಋತುವನ್ನೂ ನೋಡಬೇಕು. ಫರ್ನೇಸಾಗಲಿ ಏಸಿಯಾಗಲಿ ಬೇಡದ ದಿನಗಳು ಬೇಕು, ಏಕೆಂದರೆ ಎರಡನ್ನೂ ನಿಲ್ಲಿಸಿರಬೇಕು. ಗಾಳಿ ಎಳೆಯುವ ಫ್ಯಾನು ತಿರುಗುತ್ತಿದ್ದರೆ ಸಿಂಪಡಿಸುವ ಬಣ್ಣದ ಮಂಜನ್ನು ಎಳೆದು ಮೇಲಿನ ಮಲಗುವ ಕೋಣೆಗಳಿಗೆ ಹಂಚುತ್ತದೆ. ಜುಲೈ ಆಗಸ್ಟಿನಲ್ಲಿ ಬೇಸ್‌ಮೆಂಟು ತೇವ, ಗೋಡೆ ಬೆವರುತ್ತದೆ. ಜನವರಿಯ ಮಾತೇ ಬೇಡ. ಸೆಪ್ಟೆಂಬರಿನ ಕೊನೆಯ ಒಣ ಹವೆ ಇದಕ್ಕೆ ಹೇಳಿಮಾಡಿಸಿದ್ದು.

ಮೊದಲು ಜಂತೆಗಳಿಂದ ಇಳಿಸಬೇಕಾದ್ದನ್ನು ಇಳಿಸಿದೆವು. ಹಿಂದಿನ ಯಜಮಾನ ಯಾರೋ ಕೈಕೆಲಸದವನೇ ಇರಬೇಕು. ಒಂದು ಜಂತೆಯ ಅಡಿಯಂಚಿಗೆ ಸಾಲಾಗಿ ಗಾಜಿನ ಜಾಡಿಗಳ ಮುಚ್ಚಳಗಳನ್ನು ಸ್ಕ್ರೂ ಹಾಕಿ ಬಿಗಿದಿದ್ದ. ಜಾಡಿಯನ್ನು ಕೆಳಗಿನಿಂದ ತಿರುಗಿಸಿದರೆ ಮುಚ್ಚಳಕ್ಕೆ ಕಚ್ಚಿಕೊಂಡು ನೇತಾಡುತ್ತದೆ. ಮಕ್ಕಳ ಆಹಾರ ಬರುತ್ತಿದ್ದ ಪುಟ್ಟ ಜಾಡಿಗಳು. ಒಂದರಲ್ಲಿ ಹಿತ್ತಾಳೆಯ ತಿರುಪು, ಒಂದರಲ್ಲಿ ವಾಷರು, ಒಂದರಲ್ಲಿ ಯಾವ ಯಂತ್ರದ್ದೆಂದು ಭಾವನಿಗೂ ತಿಳಿಯದ ಪುಟ್ಟ ಸ್ಪ್ರಿಂಗುಗಳು. ಅಮೆರಿಕದ ಹಳೆಯ ಬೇಸ್‌ಮೆಂಟುಗಳಲ್ಲಿ ಇದೊಂದು ಪದ್ಧತಿಯೇ ಆಗಿತ್ತಂತೆ. ಮಗು ಬೆಳೆದ ಹಾಗೆ ಅಪ್ಪನ ತಿರುಪಿನ ಭಂಡಾರವೂ ಬೆಳೆಯುತ್ತಿತ್ತೆಂದಾಯಿತು. ಭಾವ ಮುಚ್ಚಳಗಳನ್ನು ಬಿಚ್ಚಿ ಅದೇ ಕ್ರಮದಲ್ಲಿ ಒಂದು ಟ್ರೇಯಲ್ಲಿ ಜೋಡಿಸಿಟ್ಟರು. ಬಣ್ಣ ಒಣಗಿದ ಮೇಲೆ ಮತ್ತೆ ಅಲ್ಲೇ ಹೋಗಬೇಕಂತೆ.

ಆಮೇಲೆ ಸ್ಟೇಪಲ್ ಪಿನ್ನು ಕೀಳುವುದು, ಯಾವ ಕಾಲದಲ್ಲೋ ಸತ್ತ ಟೆಲಿಫೋನ್ ತಂತಿ ಕತ್ತರಿಸುವುದು. ಕೇಬಲ್ಲುಗಳು ಹಗ್ಗದ ಹಾಗೆ ಜೋತು ಬಿದ್ದಿದ್ದ ಕಡೆ ಜಂತೆಯ ಪಕ್ಕೆಗೆ ನೇರಕ್ಕೆ ಕ್ಲಿಪ್ಪು ಹೊಡೆದೆವು. ಇದೊಂದರಿಂದಲೇ ಚಾವಣಿಯ ಮುಖ ಅರ್ಧ ತಿದ್ದಿತು. ತೆರೆದ ಚಾವಣಿ ಕಣ್ಣಿಗೆ ಹೊಡೆಯುವುದು ತೆರೆದಿರುವುದರಿಂದಲ್ಲ, ಡೊಂಕು ಗೆರೆಗಳಿಂದ. ಹೊಸ ತಂತಿ ಎಳೆಯಬೇಕಾದ ಕಡೆ ಜಂತೆ ಕೊರೆಯುವುದಕ್ಕೂ ರೀತಿಯಿದೆ. ತೂತು ಜಂತೆಯ ಮೇಲಂಚು, ಕೆಳಂಚುಗಳಿಂದ ಎರಡು ಇಂಚಾದರೂ ಒಳಗಿರಬೇಕು, ಎತ್ತರದ ಮೂರನೇ ಒಂದಕ್ಕಿಂತ ದೊಡ್ಡದಾಗಬಾರದು. ಜಂತೆಯ ಬಲವೆಲ್ಲ ಅಂಚುಗಳಲ್ಲಿದೆ, ಹೊಟ್ಟೆಯಲ್ಲಿಲ್ಲ. ಕೊಳಾಯಿ ಕೆಲಸದವರು ಇದನ್ನು ಮರೆತು ಅಡಿಯಂಚನ್ನೇ ಕಚ್ಚು ಹಾಕಿ ಪೈಪು ತೂರಿಸಿದ ಜಂತೆಯೊಂದು ಅಲ್ಲೇ ಇತ್ತು. ಭಾವ ಅದಕ್ಕೆ ಪಕ್ಕದಲ್ಲಿ ಇನ್ನೊಂದು ಹಲಗೆಯನ್ನು ಬೋಲ್ಟು ಹಾಕಿ ಜೋಡಿಸಿದರು. ಬಣ್ಣಕ್ಕೆಂದು ತಲೆಯೆತ್ತದಿದ್ದರೆ ಅದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಆ ಕಾಲದ ಮನೆಗಳಲ್ಲಿ ಮುಟ್ಟದೆ ಬಿಡಬೇಕಾದ್ದೂ ಇರುತ್ತದೆ. ಡಕ್ಟಿನ ಕೀಲುಗಳಿಗೆ ಬಿಳಿ ಕಾಗದದಂಥ ಟೇಪು ಸುತ್ತಿದ್ದರೆ ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುವ ಸಂಭವವುಂಟು. 1978ಕ್ಕೆ ಮುಂಚಿನ ಬಣ್ಣವಾದರೆ ಸೀಸ ಇರಬಹುದು; ಮನೆಗೆ ಹಚ್ಚುವ ಸೀಸದ ಬಣ್ಣವನ್ನು ಅಮೆರಿಕ ನಿಷೇಧಿಸಿದ್ದು ಆ ವರ್ಷ. ಉಜ್ಜಿದರೆ, ಕೆರೆದರೆ ಪುಡಿ ಗಾಳಿಗೆ ಏಳುತ್ತದೆ. ಭಾವ ಒಂದು ಚೂರು ಟೇಪನ್ನು ಒದ್ದೆ ಮಾಡಿ, ಕತ್ತರಿಸಿ, ಪ್ರಯೋಗಾಲಯಕ್ಕೆ ಕಳಿಸಿ ಉತ್ತರ ಬರುವ ತನಕ ಆ ಕಡೆ ತಲೆ ಹಾಕಲಿಲ್ಲ. ನಮ್ಮೂರಲ್ಲಿ ಆಸ್ಬೆಸ್ಟಾಸ್ ಶೀಟು ಹೊದಿಸಿದ ಕೊಟ್ಟಿಗೆಯಲ್ಲಿ ಆಡಿ ಬೆಳೆದ ನನಗೆ ಇದು ಅತಿ ಅನ್ನಿಸಿದ್ದು ನಿಜ. ಅತಿಯಲ್ಲ, ನಮ್ಮದೇ ಅಜಾಗ್ರತೆ.

ಧೂಳು ತೆಗೆಯುವ ದಿನದ ವರ್ಣನೆ ಬೇಡ. ವ್ಯಾಕ್ಯೂಮಿನ ಮೂತಿ ಹಿಡಿದು ಒಂದೊಂದೇ ಸಂದಿಗೆ ತಲೆ ತೂರಿಸಿದರೆ ಐವತ್ತು ವರ್ಷದ ಜೇಡರ ಬಲೆ, ಅದರ ಮೇಲೆ ಗರಗಸದ ಹೊಟ್ಟು. ಟೋಪಿ ಹಾಕಿದ್ದರೂ ಮೊಳೆಯ ಮೊನೆ ನೆತ್ತಿಗೆ ತನ್ನ ಇರವು ತಿಳಿಸುತ್ತದೆ. ತೀರಾ ಉದ್ದದ ಮೊನೆಗಳನ್ನು ಭಾವ ಕಟರಿನಿಂದ ಚಿವುಟಿ ಹಾಕಿದರು. ಧೂಳಿನ ಮೇಲೆ ಹಚ್ಚಿದ ಬಣ್ಣ ಧೂಳಿಗೆ ಅಂಟುತ್ತದೆ, ಮರಕ್ಕಲ್ಲ.

ಪೈನ್ ಮರಕ್ಕೆ ಇನ್ನೊಂದು ಚಾಳಿ. ಅದರ ಗಂಟುಗಳೊಳಗೆ ರಾಳ ಇರುತ್ತದೆ. ನೀರಿನ ಬಣ್ಣ ಎಷ್ಟು ಕೋಟು ಹಚ್ಚಿದರೂ ಕೆಲವು ತಿಂಗಳಿಗೆ ಗಂಟಿದ್ದ ಜಾಗದಲ್ಲಿ ಚಹಾ ಚೆಲ್ಲಿದ ಹಾಗೆ ಕಂದು ಕಲೆ ಮೇಲೇಳುತ್ತದೆ. ಅದನ್ನು ಒಳಗೇ ಕಟ್ಟಿಹಾಕುವುದು ಅರಗಿನ ಪ್ರೈಮರು. ಡಬ್ಬಿ ತಿರುಗಿಸಿ ನೋಡಿದಾಗ ನನಗೆ ಖುಷಿಯಾಯಿತು, ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವ ಅದೇ ಅರಗು. ಕುಸುಮ, ಮುತ್ತುಗದ ಕೊಂಬೆಗಳಿಗೆ ಕಚ್ಚಿಕೊಂಡು ರಸ ಹೀರುವ ಪುಟ್ಟ ಕೀಟ ಸ್ರವಿಸುವ ರಾಳ ಅದು. ಭಾರತದ ಅರಗಿನಲ್ಲಿ ದೊಡ್ಡ ಪಾಲು ಜಾರ್ಖಂಡಿನದು. ಅದನ್ನು ಮದ್ಯಸಾರದಲ್ಲಿ ಕರಗಿಸಿ, ಬಿಳಿ ಪುಡಿ ಬೆರೆಸಿದರೆ ಈ ಪ್ರೈಮರು. ಅರ್ಧ ಗಂಟೆಯೊಳಗೆ ಒಣಗುತ್ತದೆ, ಯಾವ ಕಲೆಯನ್ನೂ ಮೇಲೆ ಬಿಡುವುದಿಲ್ಲ. ಆದರೆ ಮದ್ಯಸಾರದ ಆವಿಗೆ ಒಂದು ಕಿಡಿ ಸಾಕು, ಅಲ್ಲೇ ಮೂಲೆಯಲ್ಲಿ ವಾಟರ್ ಹೀಟರಿನ ಪುಟ್ಟ ನೀಲಿ ಜ್ವಾಲೆ ಹಗಲೂ ರಾತ್ರಿ ಉರಿಯುತ್ತಿರುತ್ತದೆ.

‘ಗ್ಯಾಸ್ ಆರಿಸದೆ ಇದರ ಮುಚ್ಚಳ ತೆಗೆದ್ರೆ ದುರ್ಯೋಧನ ಕಟ್ಟಿಸಿಕೊಟ್ಟ ಮನೆಯಾಗುತ್ತೆ ನೋಡು’ ಎಂದರು ಭಾವ.

‘ವಿದುರ ಯಾರು ಭಾವ, ಹೊರಗೆ ಹೋಗೋಕೆ ಸುರಂಗ?’

‘ಅದೇ ಮೆಟ್ಟಿಲು. ಮೊದಲು ನಾನು ಓಡ್ತೀನಿ, ಹಿಂದೆ ನೀನು.’

ಹೀಟರು, ಫರ್ನೇಸು ಎರಡರ ಗ್ಯಾಸನ್ನೂ ನಿಲ್ಲಿಸಿ, ಒಂದು ಕಿಟಕಿಗೆ ಹೊರಮುಖವಾಗಿ ಫ್ಯಾನು ಕೂರಿಸಿ, ಮೂತಿಗೆ ಆವಿ ತಡೆಯುವ ಡಬ್ಬಿಗಳ ಮುಖವಾಡ ಕಟ್ಟಿಕೊಂಡು ಗಂಟುಗಳನ್ನಷ್ಟೇ ಹುಡುಕಿ ಹುಡುಕಿ ಕುಂಚದಲ್ಲಿ ಮುಟ್ಟಿದೆವು. ಮಿಕ್ಕ ಮರಕ್ಕೆ ನೀರಿನ ಪ್ರೈಮರೇ ಸಾಕು. ಗಂಟುಗಳಿಗೆಲ್ಲ ಬಿಳಿ ಬೊಟ್ಟಿಟ್ಟ ಮೇಲೆ ಕಂದು ಚಾವಣಿ ಚಿರತೆಯ ಮೈಯನ್ನು ತಿರುವುಮುರುವು ಮಾಡಿದಂತಿತ್ತು.

ಮುಚ್ಚುವ ಕೆಲಸ ಆಮೇಲೆ. ನೆಲಕ್ಕೆ, ಗೋಡೆಗೆ, ಯಂತ್ರಗಳಿಗೆ ಪ್ಲಾಸ್ಟಿಕ್ ಹಾಳೆ. ಬೆಂಚಿಗೆ ಎರಡು ಪದರ. ಮೇಲೆ ಯಾವುದಕ್ಕೆ ಬಣ್ಣ ತಾಗಬಾರದೋ ಅದಕ್ಕೆಲ್ಲ ನೀಲಿ ಟೇಪು: ನೀರು ನಿಲ್ಲಿಸುವ ವಾಲ್ವುಗಳ ಹಿಡಿಕೆ, ಡ್ರೈನಿನ ತೆರೆಯುವ ಮುಚ್ಚಳ, ಹೊಗೆ ಪತ್ತೆ ಮಾಡುವ ಅಲಾರಮ್ಮು, ಜಂಕ್ಷನ್ ಬಾಕ್ಸುಗಳ ಮುಖ, ಗ್ಯಾಸ್ ಪೈಪಿನ ಚೀಟಿ. ಕೇಬಲ್ಲಿನ ಮೈಮೇಲೆ ಅದರ ತಂತಿಯ ದಪ್ಪ ಅಚ್ಚಾಗಿರುತ್ತದೆ. 2001ರಿಂದೀಚೆಗೆ ಬಣ್ಣದಲ್ಲೂ ಅದು ತಿಳಿಯುತ್ತದೆ. ಬಿಳಿಯದಾದರೆ 15 ಆಂಪಿನ ಸರ್ಕ್ಯೂಟಿಗೆ, ಹಳದಿಯಾದರೆ 20, ಕಿತ್ತಳೆಯಾದರೆ 30. ಎಲ್ಲಕ್ಕೂ ಒಂದೇ ಬಿಳಿ ಬಳಿದುಬಿಟ್ಟರೆ ನಾಳೆ ಕೆಲಸಕ್ಕೆ ಬಂದ ಎಲೆಕ್ಟ್ರಿಷಿಯನ್ನು ಊಹೆಯ ಮೇಲೆ ಕೈ ಹಾಕಬೇಕು. ಹಾಗಾಗಿ ಭಾವ ಗರಗಸಕ್ಕೆ ಹೋಗುವ ಹಳದಿ ಕೇಬಲ್ಲುಗಳಿಗೆ ಉದ್ದಕ್ಕೂ ಕಾಗದದ ಅಂಗಿ ತೊಡಿಸಿದರು. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದು. ಹೋಟೆಲಿನವರು ಚಾವಣಿಗೆಲ್ಲ ಕಪ್ಪು ಹೊಡೆದು ಪೈಪು ತಂತಿಗಳನ್ನು ಇಲ್ಲವಾಗಿಸುತ್ತಾರೆ. ಇಲ್ಲಿ ಬಿಳಿ ಹೊಡೆದು ಒಂದೊಂದನ್ನೂ ಎದ್ದು ಕಾಣಿಸುವುದು ಉದ್ದೇಶ.

ಸಿಂಪಡಿಸುವ ಯಂತ್ರ ಬಾಡಿಗೆಗೆ ಬಂತು. ಗಾಳಿ ಬೆರೆಸದೆ ಬಣ್ಣವನ್ನೇ ಒತ್ತಿ ತಳ್ಳುವಂಥದ್ದು. ಚದರ ಇಂಚಿಗೆ ಎರಡು ಮೂರು ಸಾವಿರ ಪೌಂಡು ಒತ್ತಡ. ಮೂತಿಗೆ ಬೆರಳು ಅಡ್ಡ ಬಂದರೆ ಬಣ್ಣ ಚರ್ಮ ತೂರಿ ಮಾಂಸಕ್ಕೆ ಇಳಿಯುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಗಾಯ. ಮೂತಿಯ ಬಿಲ್ಲೆಯ ಮೇಲೆ 517 ಎಂದಿತ್ತು. ಮೊದಲ ಅಂಕಿಯನ್ನು ಎರಡರಿಂದ ಗುಣಿಸಿದರೆ ಒಂದಡಿ ದೂರದಲ್ಲಿ ಬೀಳುವ ಪಟ್ಟೆಯ ಅಗಲ, ಹತ್ತು ಇಂಚು. ಉಳಿದೆರಡು ಅಂಕಿ ರಂಧ್ರದ ಅಳತೆ, ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಹದಿನೇಳು ಪಾಲು.

ಇಂಥ ಕೆಲಸಕ್ಕೆಂದೇ ಒಂದು ಜಾತಿಯ ಬಣ್ಣವಿದೆ, ಡ್ರೈಫಾಲ್ ಎನ್ನುತ್ತಾರೆ. ಗೋದಾಮು, ಕಾರ್ಖಾನೆಗಳ ಎತ್ತರದ ಚಾವಣಿಗೆ ಸಿಂಪಡಿಸಿದಾಗ ಅಂಟದೆ ಉಳಿದ ಹನಿ ಹತ್ತಡಿ ಬೀಳುವಷ್ಟರಲ್ಲಿ ಗಾಳಿಯಲ್ಲೇ ಒಣಗಿ, ನೆಲ ಮುಟ್ಟುವಾಗ ಪುಡಿಯಾಗಿರುತ್ತದೆ. ಗುಡಿಸಿದರೆ ಮುಗಿಯಿತು. ಬೇಸ್‌ಮೆಂಟಿಗೂ ಒಳ್ಳೆಯದೆಂದು ಅಂಗಡಿಯವನು ಹೊಗಳಿದ. ಇಲ್ಲಿ ಚಾವಣಿಯಿಂದ ನೆಲಕ್ಕೆ ಎಂಟಡಿಯೂ ಇಲ್ಲ. ಬೆಂಚಿನ ಮೇಲ್ಮೈಗೆ ನಾಲ್ಕೇ ಅಡಿ. ಹನಿಗೆ ಒಣಗಲು ಹೊತ್ತೆಲ್ಲಿದೆ? ಭಾವ ಡ್ರೈಫಾಲನ್ನೇ ತಂದರು, ಪ್ಲಾಸ್ಟಿಕ್ ಹಾಳೆಯನ್ನೂ ಬಿಡಲಿಲ್ಲ.

ಜಂತೆ ಚಾವಣಿಗೆ ಒಂದೇ ದಿಕ್ಕಿನಿಂದ ಹೊಡೆದರೆ ಒಂದು ಪಕ್ಕೆ ಬೆಳ್ಳಗೆ, ಇನ್ನೊಂದು ಕಂದು. ಮೂಡಣದಿಂದ ಒಮ್ಮೆ ಕೋನ ಮಾಡಿ ಹೊಡೆದು, ಪಡುವಣದಿಂದ ಇನ್ನೊಮ್ಮೆ ಬಂದು, ಕೊನೆಗೆ ಸಂದಿಯ ಉದ್ದಕ್ಕೂ ಮೇಲಿನ ಪ್ಲೈವುಡ್ಡಿಗೆ ಸಾಗಬೇಕು. ಪೈಪಿನ ಹಿಂದೆ, ಡಕ್ಟಿನ ನೆತ್ತಿಯ ಮೇಲೆ, ಎರಡು ಜಂತೆಗಳನ್ನು ಬಿಗಿಯಲು ಕತ್ತರಿಯಾಗಿ ಹೊಡೆದ ಅಡ್ಡಪಟ್ಟಿಗಳ ಸಂದಿಯಲ್ಲಿ ಬಣ್ಣ ತಲುಪದೆ ಉಳಿದದ್ದನ್ನು ಕುಂಚ ಹಿಡಿದು ತುಂಬಬೇಕು. ಭಾವ ಬಿಳಿ ಮಂಜಿನಲ್ಲಿ ಬಿಳಿ ಮುಖವಾಡ, ಬಿಳಿ ಅಂಗಿಯಲ್ಲಿ ಅಲೆಯುತ್ತಿದ್ದರು; ನಾನು ಹಿಂದಿನಿಂದ ಬಣ್ಣದ ಕೊಳವೆ ಎತ್ತಿ ಹಿಡಿದು ನಡೆಯುವ ಭಾಮೈದ. ಮಾತು ಕೇಳಿಸದು, ಕೈಸನ್ನೆಯೇ ಎಲ್ಲ.

ಹೊಳಪಿಲ್ಲದ ಬಿಳಿಯನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಹೊಳಪು ಬಣ್ಣ ಬೆಳಕನ್ನು ಕನ್ನಡಿಯಂತೆ ಒಂದೇ ಕಡೆಗೆ ಎಸೆದು ಕಣ್ಣಿಗೆ ಚುಚ್ಚುತ್ತದೆ, ಮರದ ಒರಟನ್ನೂ ಎತ್ತಿ ತೋರಿಸುತ್ತದೆ. ಮಂಕು ಬಿಳಿ ಎಲ್ಲ ಕಡೆಗೂ ಹಂಚುತ್ತದೆ. ಧೂಳು ಮಾತ್ರ ಮಂಕು ಬಣ್ಣಕ್ಕೆ ಚೆನ್ನಾಗಿ ಅಂಟುತ್ತದೆ, ಅದಕ್ಕೆ ಆಗಾಗ ವ್ಯಾಕ್ಯೂಮು ಮಾಡುವುದೇ ಗತಿ.

ಬಣ್ಣ ಒಣಗಿದ ಮೇಲೆ ಹಳೆಯ ಟ್ಯೂಬುಗಳನ್ನೇ ಹಾಕಿ ನೋಡಿದೆವು. ಅದೇ ಟ್ಯೂಬು, ಅದೇ ಗುಂಯ್‌ಕಾರ, ಆದರೆ ಬೆಂಚಿನ ಕೆಳಗಿನ ಖಾನೆಗಳಲ್ಲಿ ಇಟ್ಟ ಡಬ್ಬಿಗಳ ಚೀಟಿಯನ್ನು ನಿಂತಲ್ಲಿಂದಲೇ ಓದಬಹುದಿತ್ತು. ಡಕ್ಟಿನ ತಗಡು ಈಗ ಒಂದು ಬಿಳಿ ತೊಲೆ. ಚಾವಣಿ ಒಂದು ಗೇಣು ಮೇಲೆದ್ದ ಹಾಗೆ. ಮೊಳೆಮೊನೆಗಳು ಬಿಳಿಯಾಗಿ, ಒಂದೊಂದರ ಬುಡದಲ್ಲೂ ಒಂದು ಚಿಕ್ಕ ನೆರಳು. ಬಿಟ್ಟ ಹಳದಿ ಕೇಬಲ್ಲು, ಕೆಂಪು ವಾಲ್ವಿನ ಹಿಡಿಕೆ, ತಾಮ್ರದ ಪೈಪು (ಅದನ್ನು ಉಜ್ಜಿ ಹಾಗೇ ಬಿಡಬೇಕೆಂದು ನಾನೇ ಹಟ ಹಿಡಿದದ್ದು) ಬಿಳಿಯ ಮೇಲೆ ಎದ್ದು ನಿಂತವು. ಕಚ್ಚು ಬಿದ್ದ ಜಂತೆಗೆ ಹಾಕಿದ ಬೋಲ್ಟುಗಳನ್ನೂ ಎಣಿಸಬಹುದಿತ್ತು.

ಟ್ಯೂಬುಗಳು ಹೇಗೂ ಹೋಗಬೇಕಿತ್ತು. ಹಳೆಯ ಚೋಕಿನ ಟ್ಯೂಬು ಅಮೆರಿಕದ ಕರೆಂಟಿನಲ್ಲಿ ಸೆಕೆಂಡಿಗೆ 120 ಸಲ ಮಿಡಿಯುತ್ತದೆ. ಆ ಮಿಡಿತಕ್ಕೆ ತಾಳ ಕೂಡಿದರೆ ಭರ್ರೆಂದು ತಿರುಗುವ ಗರಗಸದ ಹಲ್ಲು ನಿಂತೇ ಇರುವ ಹಾಗೆ ಕಾಣಬಹುದು. ನಾಲ್ಕಡಿಯ ಎಲ್‌ಇಡಿ ಪಟ್ಟಿಗಳು ಬಂದವು. ಎಲ್ಲಿ ಕಟ್ಟಬೇಕೆಂಬುದಕ್ಕೆ ಮತ್ತೆ ಚರ್ಚೆ. ಜಂತೆಗಳ ಸಂದಿಯೊಳಗೆ ತೂರಿಸಿದರೆ ಹಲಗೆ ತಾಗುವ ಭಯವಿಲ್ಲ, ಆದರೆ ಎರಡು ಪಕ್ಕೆಗಳು ಕುದುರೆಯ ಕಣ್ಣಿಗೆ ಕಟ್ಟಿದ ಪಟ್ಟಿಯಾಗಿ ಬೆಳಕನ್ನು ಕಟ್ಟಿಹಾಕುತ್ತವೆ. ಅಡಿಯಂಚಿಗೆ ಕಟ್ಟಿದರೆ ಬೆಳಕು ಹರಡುತ್ತದೆ, ಹಲಗೆ ತಾಗುತ್ತದೆ. ಗರಗಸದ ಸುತ್ತ ಸಂದಿಯೊಳಗೆ, ಬೆಂಚಿನ ಮೇಲೆ ಅಡಿಯಂಚಿಗೆ ಎಂದು ತೀರ್ಮಾನವಾಯಿತು. ಬೆಂಚಿನ ಪಟ್ಟಿಯನ್ನು ಕೆಲಸಗಾರನ ನೆತ್ತಿಯ ಹಿಂದಕ್ಕಲ್ಲ, ಬೆಂಚಿನ ಮುಂದಂಚಿಗಿಂತ ಸ್ವಲ್ಪ ಒಳಗೆ ಹಾಕಬೇಕು. ಇಲ್ಲದಿದ್ದರೆ ತನ್ನ ತಲೆಯೇ ತನ್ನ ಕೆಲಸಕ್ಕೆ ಅಡ್ಡ. ದೀಪದ ಬಣ್ಣ 5000 ಕೆಲ್ವಿನ್ನಿನದಾದರೆ ಬಿಳಿ ಚಾವಣಿ ನೀಲಿ ತಿರುಗಿ ಆಪರೇಷನ್ ಥಿಯೇಟರಾಗುತ್ತದೆಂದು 4000ದ್ದನ್ನು ತಂದರು. ಸುಣ್ಣಕ್ಕೆ ಬೇಕೆಂದೇ ನೀಲಿ ಬೆರೆಸುವ ಊರಿನಿಂದ ಬಂದ ನಾನು ಈ ವಿಷಯದಲ್ಲಿ ಬಾಯಿ ಹಾಕಲಿಲ್ಲ.

ಜಾಡಿಗಳು ಅವುಗಳ ಜಾಗಕ್ಕೆ ಹಿಂತಿರುಗಿದವು. ಪ್ಲಾಸ್ಟಿಕ್ ಸುತ್ತಿ ಹೊರಗೆ ಹಾಕಿ, ಗ್ಯಾಸ್ ತೆರೆದು, ಹೀಟರು ಹೊತ್ತಿಸಿ, ಭಾವ ಎಲ್ಲ ದೀಪಗಳನ್ನೂ ಒಟ್ಟಿಗೆ ಹಾಕಿ ಅಕ್ಕನನ್ನು ಕರೆದರು. ಅವಳು ಮೆಟ್ಟಿಲಿಳಿದು ಬಂದು ನಡುವೆ ನಿಂತು ತಲೆಯೆತ್ತಿ ಒಂದು ಸುತ್ತು ನೋಡಿದಳು. ಮುಚ್ಚಿಸಿ ಎಂದದ್ದನ್ನು ಮರೆತಿದ್ದಳೋ ಏನೋ, ‘ಚೆನ್ನಾಗಿದೆ ಕಣ್ರೀ’ ಎಂದಳು. ಭಾವ ನನ್ನ ಕಡೆ ಹುಬ್ಬು ಹಾರಿಸಿದರು. ಅಷ್ಟರಲ್ಲಿ ಅವಳ ದೃಷ್ಟಿ ಚಾವಣಿಯಿಂದ ಕೆಳಗಿಳಿದು ಗೋಡೆ ಬುಡಕ್ಕೆ ಹೋಗಿತ್ತು.

‘ಅದೇನ್ರೀ ಆ ಮೂಲೆಯಲ್ಲಿ? ಎರಡು ವರ್ಷದ ಹಿಂದೆ ಎಸೆದೆ ಅಂದ ಸೋಫಾದ ಕಾಲಲ್ವಾ? ಆ ಹಲಗೆ ಚೂರಿನ ರಾಶಿ ಯಾವಾಗಿನದು? ನನ್ನ ಶ್ಯಾವಿಗೆ ಒರಳು ಕಾಣ್ತಿಲ್ಲ ಅಂತ ಮನೆಯೆಲ್ಲ ಹುಡುಕಿದ್ದೆ, ಅದರಲ್ಲಿ ಗೋಂದು ಹಚ್ಚಿದ ಹಲಗೆ ಒತ್ತಿಟ್ಟಿದ್ದೀರಲ್ಲ!’

‘ಭಾವ, ಆ ಡ್ರೈವಾಲ್ ಹೊಡೆಸಿಬಿಡೋಣ್ವಾ?’ ಎಂದೆ ನಾನು ಮೆಲ್ಲಗೆ.